ಹೀಬ್ರೂ ಲಿಪಿಯಲ್ಲಿ ಉಳಿದ ಮಂಗಳೂರು

ನ್ಯೂಜೆರ್ಸಿಯ ಎಡಿಸನ್ನಿನಿಂದ ರೂಟ್ 1 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಪ್ರಿನ್ಸ್‌ಟನ್ ಬಹಳ ದೂರವಿಲ್ಲ. ವಾಹನ ದಟ್ಟಣೆಯಿಲ್ಲದ ದಿನವಾದರೆ ಅರ್ಧ ಗಂಟೆಯ ದಾರಿ; ಅಂತಹ ದಿನಗಳು ಎಷ್ಟು ವಿರಳವೆಂಬುದನ್ನು ಈ ಪ್ರಾಂತದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಊರಿನಿಂದ ಬಂದ ತಂದೆತಾಯಿಯರಿಗೆ ವಿಶ್ವವಿದ್ಯಾಲಯದ ಆವರಣವನ್ನು ತೋರಿಸಲು, ಐನ್‌ಸ್ಟೈನ್ ವಾಸವಾಗಿದ್ದ ಬೀದಿಯಲ್ಲಿ ನಿಂತು ಒಂದು ಭಾವಚಿತ್ರ ತೆಗೆದುಕೊಳ್ಳಲು ನಾವೆಲ್ಲರೂ ಒಮ್ಮೆಯಾದರೂ ಅಲ್ಲಿಗೆ ಹೋಗಿದ್ದೇವೆ. ಆದರೆ ಅದೇ ಪಟ್ಟಣದಲ್ಲಿ, ಐನ್‌ಸ್ಟೈನ್ ಕೆಲಸ ಮಾಡಿದ ಅದೇ ಉನ್ನತ ಅಧ್ಯಯನ ಸಂಸ್ಥೆಯಲ್ಲಿ, 1971ರಿಂದ ತಮ್ಮ ಕೊನೆಯ ದಿನಗಳವರೆಗೆ ಒಬ್ಬ ವಯೋವೃದ್ಧ ವಿದ್ವಾಂಸರು ನಮ್ಮ ಮಂಗಳೂರಿನ ಮೆಣಸು, ಅಡಿಕೆ, ಏಲಕ್ಕಿ ಮತ್ತು ಕಂಚಿನ ಪಾತ್ರೆಗಳ ಲೆಕ್ಕಪತ್ರಗಳನ್ನು ಓದುತ್ತಿದ್ದರೆಂಬ ಸಂಗತಿಯನ್ನು ಬಲ್ಲವರು ನಮ್ಮಲ್ಲಿ ಕಡಮೆ. ಆ ಲೆಕ್ಕಪತ್ರಗಳ ಕಾಲ ಹನ್ನೆರಡನೆಯ ಶತಮಾನ. ಲಿಪಿ ಹೀಬ್ರೂ, ಭಾಷೆ ಅರಬ್ಬಿ, ವಿಷಯ ತುಳುನಾಡು.

ಇಂತಹ ಕಾಗದಗಳು ಉಳಿದು ಬಂದದ್ದಾದರೂ ಹೇಗೆ? ಉತ್ತರಕ್ಕಾಗಿ ಪ್ರಾಚೀನ ಹೀಬ್ರೂ ಜನರ ಧರ್ಮಾಚರಣೆಯವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ.

ಕಾನಾನ್ ದೇಶದ ಬೆಟ್ಟಸೀಮೆಯಲ್ಲಿ ಕುರಿ ಸಾಕಿಕೊಂಡು, ಗೋದಿ, ದ್ರಾಕ್ಷಿ, ಆಲಿವ್ ಬೆಳೆದುಕೊಂಡಿದ್ದ ಆ ಚಿಕ್ಕ ಜನಾಂಗಕ್ಕೆ ಈಜಿಪ್ಟಿನಂತೆ ಪಿರಮಿಡ್ಡುಗಳಿರಲಿಲ್ಲ, ಅಸ್ಸೀರಿಯದಂತೆ ಸೈನ್ಯವಿರಲಿಲ್ಲ. ಇದ್ದದ್ದು ಒಂದೇ ದೇವರು, ಜೆರುಸಲೇಮಿನಲ್ಲಿ ಒಂದೇ ದೇವಾಲಯ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿಯದವರು ಆ ದೇವಾಲಯವನ್ನು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟರು. ಅರಸನೂ ಇಲ್ಲ, ಗುಡಿಯೂ ಇಲ್ಲ, ನೆಲವೂ ಇಲ್ಲವೆಂದಾದ ಮೇಲೆ ಕೈಯಲ್ಲಿ ಉಳಿದದ್ದು ಗ್ರಂಥ ಮಾತ್ರ. ಗ್ರಂಥವನ್ನು ಹೊತ್ತು ಎಲ್ಲಿಗಾದರೂ ಹೋಗಬಹುದು. ಅವರು ಹೋದರು. ಧರ್ಮವು ಬಲಿಪೀಠದಿಂದ ಅಕ್ಷರಕ್ಕೆ ಸ್ಥಳಾಂತರಗೊಂಡ ಈ ಘಟನೆ ಜಗತ್ತಿನ ಮತಗಳ ಇತಿಹಾಸದಲ್ಲಿ ಬಹಳ ದೊಡ್ಡದೆಂದು ನಮಗೆ ತೋರುತ್ತದೆ.

ಅಕ್ಷರದ ಮೇಲಣ ಗೌರವಕ್ಕೆ ಇನ್ನೂ ಹಳೆಯದೊಂದು ಬೇರಿದೆ. ಹೀಬ್ರೂ ಧರ್ಮಶಾಸ್ತ್ರದ ಐದನೆಯ ಗ್ರಂಥವಾದ ಧರ್ಮೋಪದೇಶ ಕಾಂಡದಲ್ಲಿ, ಅನ್ಯದೇವತೆಗಳ ಹೆಸರುಗಳನ್ನು ಆ ಸ್ಥಳದಿಂದ ಅಳಿಸಿಹಾಕಬೇಕೆಂಬ ಕಟ್ಟಳೆಯ ಬೆನ್ನಿಗೇ, ನಿಮ್ಮ ದೇವರಿಗೆ ಹಾಗೆ ಮಾಡಕೂಡದೆಂಬ ಕಟ್ಟಳೆಯಿದೆ. ದೇವರ ಹೆಸರನ್ನು ಬರೆದ ಯಾವ ಬರಹವನ್ನೂ ನಾಶಪಡಿಸಬಾರದೆಂದು ನಂತರದ ಪಂಡಿತರು ಇದರಿಂದ ಅರ್ಥ ತೆಗೆದರು. ಹಾಗಾದರೆ ಹರಿದು ಜೀರ್ಣವಾದ ಗ್ರಂಥವನ್ನು ಏನು ಮಾಡುವುದು? ಮನುಷ್ಯರನ್ನು ಹೂಳುವಂತೆಯೇ ಅದನ್ನೂ ಭೂಮಿಯಲ್ಲಿ ಹೂಳಬೇಕು. ಹೂಳುವ ದಿನ ಬರುವವರೆಗೆ ಇಟ್ಟಿರಲು ಪ್ರಾರ್ಥನಾ ಮಂದಿರದಲ್ಲಿ ಒಂದು ಕೋಣೆ. ಆ ಕೋಣೆಗೆ ‘ಗೆನಿಜಾ’ ಎಂದು ಹೆಸರು. ಬಚ್ಚಿಡು, ಕೂಡಿಡು ಎಂಬ ಅರ್ಥದ ಈ ಪದವು ಪಾರಸಿಯ ‘ಗಂಜ್’ ಶಬ್ದದ ನಂಟನೆಂದು ವಿದ್ವಾಂಸರ ಮತ. ದೆಹಲಿಯ ದರಿಯಾಗಂಜಿನಲ್ಲಿರುವುದೂ ಅದೇ ಗಂಜ್.

ನಮ್ಮಲ್ಲಿಯೂ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರವಿದೆ. ಆದರೆ ಶಿಥಿಲವಾದ ತಾಳೆಗರಿಯ ಕಟ್ಟುಗಳನ್ನು ನಮ್ಮ ಹಿರಿಯರು ಎಷ್ಟೋ ಕಡೆ ಹೊಳೆಗೆ ಬಿಟ್ಟರು. ಭಕ್ತಿ ಎರಡೂ ಕಡೆ ಒಂದೇ. ಅವರದು ಮಣ್ಣಿಗೆ, ನಮ್ಮದು ನೀರಿಗೆ. ನೀರು ಏನನ್ನೂ ಹಿಂದಿರುಗಿಸಲಿಲ್ಲ.

ಈಜಿಪ್ಟಿನ ಹಳೆಯ ಕೈರೋದಲ್ಲಿ, ಫುಸ್ತಾತ್ ಎಂಬ ಭಾಗದಲ್ಲಿ, ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ಅಲ್ಲಿನ ಗೆನಿಜಾದಲ್ಲಿ ಎರಡು ವಿಶೇಷಗಳು ನಡೆದವು. ಮೊದಲನೆಯದು, ಧರ್ಮಗ್ರಂಥಗಳಷ್ಟೇ ಅಲ್ಲದೆ ಹೀಬ್ರೂ ಅಕ್ಷರದಲ್ಲಿ ಬರೆದ ಎಲ್ಲವನ್ನೂ ಜನ ಅಲ್ಲಿ ತಂದು ಹಾಕಿದರು: ಮದುವೆಯ ಕರಾರು, ವಿಚ್ಛೇದನ ಪತ್ರ, ವೈದ್ಯನ ಔಷಧಿಯ ಚೀಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ವರ್ತಕರ ಪತ್ರ, ಅಂಗಡಿಯ ಸಾಲದ ಪಟ್ಟಿ. ಎರಡನೆಯದು, ಕೋಣೆಯನ್ನು ಖಾಲಿ ಮಾಡಿ ಹೂಳುವ ಕೆಲಸವನ್ನು ಅವರು ಮಾಡದೆ ಬಿಟ್ಟರು. ಈಜಿಪ್ಟಿನ ಒಣಹವೆಯಲ್ಲಿ ಕಾಗದಗಳು ಸಾವಿರ ವರ್ಷ ಹಾಗೆಯೇ ಬಿದ್ದಿದ್ದವು. 1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಪೂರ್ವದೇಶದ ಪ್ರವಾಸದಿಂದ ಕೊಂಡು ತಂದ ಒಂದು ಹಾಳೆಯನ್ನು ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ ಎಂಬ ಪಂಡಿತರು ಗುರುತಿಸಿದರು. ಅದೇ ಚಳಿಗಾಲ ಅವರು ಕೈರೋಗೆ ಹೋಗಿ, ದೂಳು ಕುಡಿದು, ಒಂದು ಲಕ್ಷ ತೊಂಬತ್ತು ಸಾವಿರಕ್ಕೂ ಮಿಗಿಲಾದ ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಇದೇ ಶೆಕ್ಟರರು 1902ರಲ್ಲಿ ನ್ಯೂಯಾರ್ಕಿಗೆ ಬಂದು ಮ್ಯಾನ್‌ಹಟನ್ನಿನ ಯಹೂದಿ ದೇವತಾಶಾಸ್ತ್ರ ವಿದ್ಯಾಪೀಠದ ಅಧ್ಯಕ್ಷರಾದರು. ಬ್ರಾಡ್‌ವೇ ಮತ್ತು 122ನೆಯ ಬೀದಿ ಕೂಡುವಲ್ಲಿ ಇಂದು ಇರುವ ಆ ವಿದ್ಯಾಪೀಠದ ಗ್ರಂಥಾಲಯದಲ್ಲಿಯೂ ಗೆನಿಜಾದ ಸಾವಿರಾರು ತುಣುಕುಗಳಿವೆ. ಕೊಲಂಬಿಯಾದಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳು ಅದರ ಮುಂದೆಯೇ ನಡೆದು ಹೋಗಿರುತ್ತಾರೆ.

ಹೀಬ್ರೂ ಜನರಿಗೂ ಭಾರತಕ್ಕೂ ಇದ್ದ ನಂಟು ಹನ್ನೆರಡನೆಯ ಶತಮಾನದಲ್ಲಿ ಮೊದಲಾದದ್ದಲ್ಲ. ಅವರ ‘ಅರಸುಗಳು’ ಎಂಬ ಗ್ರಂಥದಲ್ಲಿ ಸೊಲೊಮೋನ್ ರಾಜನ ಹಡಗುಗಳು ಮೂರು ವರ್ಷಕ್ಕೊಮ್ಮೆ ಬಂಗಾರ, ಬೆಳ್ಳಿ, ದಂತ, ಕೋತಿ ಮತ್ತು ನವಿಲುಗಳನ್ನು ತರುತ್ತಿದ್ದವೆಂದಿದೆ. ಅಲ್ಲಿ ಕೋತಿಗೆ ಬಳಸಿದ ಮಾತು ‘ಕೋಫ್’, ನಮ್ಮ ‘ಕಪಿ’ಯ ಧ್ವನಿಗೆ ಹತ್ತಿರ; ನವಿಲುಗಳಿಗೆ ‘ತುಕ್ಕಿಯೀಂ’. ತಮಿಳಿನಲ್ಲಿ ನವಿಲಿನ ಗರಿಗೆ ‘ತೋಗೈ’, ಹಳೆಯ ಕನ್ನಡದಲ್ಲಿ ಬಾಲಕ್ಕೆ ‘ತೋಕೆ’. ದ್ರಾವಿಡ ಪದವೊಂದು ಬೈಬಲ್ಲಿನಲ್ಲಿ ಕುಳಿತಿದೆಯೆಂದು ಹಲವು ಭಾಷಾಪಂಡಿತರು ಇದರಿಂದ ಸಂತೋಷಪಟ್ಟಿದ್ದಾರೆ. ಅದು ಈಜಿಪ್ಟಿನ ಮಂಗವೊಂದರ ಹೆಸರೆಂದು ಬೇರೆ ಕೆಲವರು ತಣ್ಣೀರೆರಚಿದ್ದಾರೆ. ಸೊಲೊಮೋನನ ರಾಜ್ಯ ಗ್ರಂಥದಲ್ಲಿ ವರ್ಣಿಸಿದಷ್ಟು ದೊಡ್ಡದಾಗಿತ್ತೇ ಎಂಬುದರಲ್ಲಿಯೂ ಇತಿಹಾಸಕಾರರಿಗೆ ಒಮ್ಮತವಿಲ್ಲ. ನವಿಲಿನ ವಾದವನ್ನು ಅಭಿಮಾನಕ್ಕಾಗಿ ಎಳೆದಾಡುವುದಕ್ಕಿಂತ, ತಾರೀಖು ಹಾಕಿದ ಕಾಗದಗಳಿಗೆ ಬರುವುದು ಮೇಲು.

ಅಬ್ರಹಾಂ ಬೆನ್ ಯಿಜು ಇಂದಿನ ಟ್ಯುನೀಸಿಯದ ಮಹ್ದಿಯಾ ಎಂಬ ಬಂದರಿನವನು. ವಿದ್ಯಾವಂತರ ಮನೆತನ; ತಂದೆಯ ಹೆಸರು ಪೆರಹ್ಯಾ. ಪದ್ಯ ಕಟ್ಟುವುದರಲ್ಲಿ ಆಸಕ್ತಿ, ಅಕ್ಷರ ಮುತ್ತಿನಂತೆ. ಏಡನ್ ಬಂದರಿಗೆ ಬಂದು, ಅಲ್ಲಿನ ವರ್ತಕರ ಮುಖ್ಯಸ್ಥನಾದ ಮದ್ಮೂನ್ ಬಿನ್ ಹಸನನ ಆಶ್ರಯ ಪಡೆದು, ಅರಬ್ಬೀ ಸಮುದ್ರವನ್ನು ದಾಟಿ ಮಂಗಳೂರಿಗೆ ಬಂದ. 1132ರ ಹೊತ್ತಿಗೆ ಅವನು ಅಲ್ಲಿದ್ದುದಕ್ಕೆ ಲಿಖಿತ ಆಧಾರವಿದೆ. 1149ರವರೆಗೂ, ಸುಮಾರು ಹದಿನೇಳು ವರ್ಷ, ತುಳುನಾಡೇ ಅವನ ಮನೆಯಾಯಿತು. ಅವನ ಕಾಗದಗಳಲ್ಲಿ ಊರಿನ ಹೆಸರು ‘ಮಂಜರೂರ್’.

ಆಗ ಕರಾವಳಿಯನ್ನು ಆಳುತ್ತಿದ್ದವರು ಆಳುಪರು. ದೋರಸಮುದ್ರದಲ್ಲಿ ವಿಷ್ಣುವರ್ಧನ, ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರ. ಬಸವಣ್ಣನವರು ಸಂಪ್ರದಾಯದ ಲೆಕ್ಕದಂತೆ ಆಗಿನ್ನೂ ಎಳೆಯ ಶಿಶು. ಈ ಕಾಲದ ಕನ್ನಡನಾಡನ್ನು ನಾವು ಬಲ್ಲದ್ದು ಶಾಸನಗಳಿಂದ, ಕಾವ್ಯಗಳಿಂದ, ವಚನಗಳಿಂದ. ದೇವಾಲಯಕ್ಕೆ ಭೂಮಿ ಬಿಟ್ಟದ್ದು, ಯುದ್ಧದಲ್ಲಿ ವೀರ ಮಡಿದದ್ದು, ದಾನಕ್ಕೆ ತಪ್ಪಿದವನಿಗೆ ಶಾಪ ಹಾಕಿದ್ದು ಕಲ್ಲಿನಲ್ಲಿ ದೊರೆಯುತ್ತದೆ. ಏಲಕ್ಕಿಗೆ ಮುಂಗಡ ಹಣ ತೆಗೆದುಕೊಂಡು ಸರಕು ಕೊಡದೆ ಸತಾಯಿಸಿದವನ ಮೇಲೆ ಸಿಡುಕಿದ ಪತ್ರ ಕಲ್ಲಿನಲ್ಲಿ ದೊರೆಯುವುದಿಲ್ಲ. ಬೆನ್ ಯಿಜುವಿನ ಕಾಗದಗಳಲ್ಲಿ ಅದು ದೊರೆಯುತ್ತದೆ. ಏಡನ್ನಿನ ಗೆಳೆಯರು ಆ ಏಲಕ್ಕಿ ಬಾಕಿಯ ವಿಷಯವನ್ನು ಪತ್ರದಿಂದ ಪತ್ರಕ್ಕೆ ಎತ್ತುತ್ತಾರೆ.

ಈ ಪತ್ರಗಳ ಭಾಷೆ ಅರಬ್ಬಿ, ಅಕ್ಷರ ಹೀಬ್ರೂ. ಮಂಗಳೂರಿನವರಿಗೆ ಇದರಲ್ಲಿ ಅಚ್ಚರಿಯೇನೂ ತೋರದು. ತುಳುವನ್ನೂ ಕೊಂಕಣಿಯನ್ನೂ ಬ್ಯಾರಿ ಭಾಷೆಯನ್ನೂ ಕನ್ನಡ ಅಕ್ಷರದಲ್ಲಿ ಬರೆದು ಓದುವುದು ಅವರಿಗೆ ದಿನನಿತ್ಯದ ಮಾತು. ಮಂಗಳೂರಿನಿಂದ ಏಡನ್ನಿಗೆ ಮೆಣಸು, ಕಬ್ಬಿಣ, ಅಡಿಕೆ, ಏಲಕ್ಕಿ ಹೋಗುತ್ತಿದ್ದವು. ಏಡನ್ನಿನಿಂದ ತಾಮ್ರ, ಒಡೆದ ಹಳೆಯ ಪಾತ್ರೆಗಳು ಬರುತ್ತಿದ್ದವು. ಬೆನ್ ಯಿಜು ಒಂದು ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಇಷ್ಟು ತೂಕದ ಹಳೆಯ ತಾಮ್ರ ಕಳಿಸಿದ್ದೇನೆ, ಇಂತಹ ಆಕಾರದ ತಟ್ಟೆ, ಹೂಜಿ, ದೀಪ ಮಾಡಿಸಿ ಕಳಿಸು ಎಂಬಂತಹ ಬೇಡಿಕೆಗಳು ಪತ್ರಗಳಲ್ಲಿವೆ. ಅದನ್ನು ಎರಕ ಹೊಯ್ದ ಕೈಗಳು ನಮ್ಮ ಕಂಚುಗಾರರವು. ಮನೆಯ ಬಳಕೆಗೆಂದು ಏಡನ್ನಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು ಕಳಿಸುತ್ತಿದ್ದರು. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಚಟ್ನಿಪುಡಿಗಾಗಿ ಕಾಯುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಕಾಗದ. ತುಳುನಾಡಿನಲ್ಲಿ ಬರೆಯುತ್ತಿದ್ದದ್ದು ತಾಳೆಗರಿಯ ಮೇಲೆ. ಕಾಗದ ಅಲ್ಲಿ ದೊರೆಯದು. ಆದ್ದರಿಂದ ಬೆನ್ ಯಿಜು ಬಂದ ಪತ್ರಗಳ ಹಿಂಬದಿಯಲ್ಲಿ, ಅಂಚಿನಲ್ಲಿ, ಸಾಲುಗಳ ನಡುವೆ ತನ್ನ ಲೆಕ್ಕ, ಪತ್ರದ ಕರಡು, ಅರ್ಧಕ್ಕೆ ನಿಂತ ಪದ್ಯ ಎಲ್ಲವನ್ನೂ ಗೀಚಿದ. ಬಳಿಕ ಊರು ಬಿಡುವಾಗ ಆ ಹಾಳೆಗಳನ್ನು ಎಸೆಯದೆ ಜೊತೆಗೆ ಒಯ್ದ.

ನಮ್ಮ ಕೂಟದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು ಕಳೆದ ವರ್ಷ ನಾವು ಕೆಲವು ಸ್ವಯಂಸೇವಕರು ಕುಳಿತಾಗ, ಹಿರಿಯ ಸದಸ್ಯರೊಬ್ಬರ ಮನೆಯ ನೆಲಮಾಳಿಗೆಯಿಂದ ಬಂದ ಪೆಟ್ಟಿಗೆಯಲ್ಲಿ ಒಂದು ಯುಗಾದಿಯ ಅಡುಗೆಪಟ್ಟಿ ಸಿಕ್ಕಿತು. ಯಾರ ಮನೆಯಿಂದ ಪುಳಿಯೋಗರೆ, ಯಾರು ಎಷ್ಟು ಡಾಲರ್ ಕೊಟ್ಟರು, ಯಾರ ಬಾಕಿ ಉಳಿಯಿತು ಎಂಬ ಲೆಕ್ಕ ಅದರ ಹಿಂಬದಿಯಲ್ಲಿತ್ತು. ಇದೇಕೆ ಬೇಕು ಎಂದು ನಮ್ಮಲ್ಲೊಬ್ಬರು ಅದನ್ನು ಕಸದ ಬುಟ್ಟಿಗೆ ಹಾಕಿದ್ದೂ ಉಂಟು. ಇನ್ನೊಬ್ಬರು ನಗುತ್ತ ಎತ್ತಿಟ್ಟರು. ಆಗ ನಮ್ಮಲ್ಲಿ ಯಾರಿಗೂ ಬೆನ್ ಯಿಜುವಿನ ಸುದ್ದಿ ತಿಳಿದಿರಲಿಲ್ಲ.

ಈಗ ಅಶುವಿನ ವಿಷಯ. 1132ರ ಅಕ್ಟೋಬರ್ 17ರಂದು, ಎಂದರೆ ಶಾಲಿವಾಹನ ಶಕ 1054ರಲ್ಲಿ, ಮಂಗಳೂರಿನಲ್ಲಿ ಬೆನ್ ಯಿಜು ಒಂದು ಬಿಡುಗಡೆ ಪತ್ರ ಬರೆದ. ತಾನು ಕೊಂಡಿದ್ದ ಅಶು ಎಂಬ ದಾಸಿಯನ್ನು ಸ್ವತಂತ್ರಳನ್ನಾಗಿ ಮಾಡಿರುವುದಾಗಿ ಅದರಲ್ಲಿದೆ. ಅವಳಿಗೆ ಬೆರಾಖಾ ಎಂಬ ಹೊಸ ಹೆಸರು. ಹೀಬ್ರೂ ಭಾಷೆಯಲ್ಲಿ ಆಶೀರ್ವಾದ ಎಂದರ್ಥ. ಯಹೂದಿ ಧರ್ಮಕ್ಕೆ ಸೇರುವವರೆಲ್ಲ ಮೂಲಪುರುಷ ಅಬ್ರಹಾಮನ ಮಕ್ಕಳೆಂದು ಗಣನೆಯಾದ್ದರಿಂದ ಅವಳೂ ಅಬ್ರಹಾಮನ ಮಗಳಾದಳು. ಬಳಿಕ ಅವಳು ಅವನ ಮಕ್ಕಳ ತಾಯಿಯಾದಳು. ಆ ಪತ್ರ ಇಂದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದೆ.

ಈ ಪತ್ರದ ಹಿಂದೆ ಪ್ರಾಚೀನ ಹೀಬ್ರೂ ಸಮಾಜದ ಒಂದು ತೊಡಕು ಅಡಗಿದೆ. ತಾವು ಈಜಿಪ್ಟಿನಲ್ಲಿ ದಾಸರಾಗಿದ್ದೆವೆಂಬ ನೆನಪೇ ಆ ಜನಾಂಗದ ಮೂಲ ಕಥೆ. ಪ್ರತಿವರ್ಷ ಪಾಸ್ಕ ಹಬ್ಬದಲ್ಲಿ ಮನೆಮನೆಯಲ್ಲಿ ಅದನ್ನು ಮತ್ತೆ ಹೇಳುತ್ತಾರೆ. ಹೀಬ್ರೂ ದಾಸನನ್ನು ಆರು ವರ್ಷ ದುಡಿಸಿಕೊಂಡು ಏಳನೆಯ ವರ್ಷ ಬಿಟ್ಟುಬಿಡಬೇಕೆಂದು ಅವರ ಶಾಸ್ತ್ರ ವಿಧಿಸುತ್ತದೆ. ಅದೇ ಶಾಸ್ತ್ರ ಅನ್ಯ ಜನಾಂಗದ ದಾಸರನ್ನು ಆಸ್ತಿಯಂತೆ ಮಕ್ಕಳಿಗೆ ಬಿಟ್ಟುಹೋಗಲು ಅವಕಾಶ ಕೊಡುತ್ತದೆ. ತುಳುನಾಡಿನಲ್ಲಿ ಕೊಂಡ ಅಶುವಿಗೆ ಏಳನೆಯ ವರ್ಷ ತಾನಾಗಿ ಬರುತ್ತಿರಲಿಲ್ಲ. ಬಿಡುಗಡೆ ಒಡೆಯನ ಕೈಯಲ್ಲಿತ್ತು. ಧರ್ಮಸಮ್ಮತವಾಗಿ ಮದುವೆಯಾಗಬೇಕಾದರೆ ಬಿಡುಗಡೆ ಅವನಿಗೂ ಬೇಕಿತ್ತು. ಇತರ ಸಮಾಜಗಳನ್ನು ಕುರಿತು ಹೀಗೆ ಬರೆಯುವಾಗ, ನಮ್ಮ ಶಾಸನಗಳಲ್ಲಿಯೂ ದಾಸದಾಸಿಯರ ಪ್ರಸ್ತಾಪವಿದೆಯೆಂಬುದನ್ನು ಮರೆಯಬಾರದು. ಅಶುವನ್ನು ಮಾರಿದವರು ಹೀಬ್ರೂಗಳಾಗಿರಲಾರರು.

ಈ ದಾಂಪತ್ಯವನ್ನು ಕಡಲು ದಾಟಿದ ಪ್ರೇಮಕಥೆಯೆಂದು ಕೆಲವರು ಹೇಳುವುದುಂಟು. ನಮಗೆ ಅಷ್ಟು ಧೈರ್ಯ ಬರುವುದಿಲ್ಲ. ಏಡನ್ನಿನ ಗೆಳೆಯರು ಪತ್ರಗಳಲ್ಲಿ ಬೆನ್ ಯಿಜುವಿನ ಮಕ್ಕಳಿಗೆ ತಪ್ಪದೆ ಶುಭಾಶಯ ಹೇಳುತ್ತಾರೆ. ಮಕ್ಕಳ ತಾಯಿಗೆ ಹೇಳುವುದಿಲ್ಲ. ಅವನ ಲೆಕ್ಕದಲ್ಲಿ ‘ನಾಯರ್’ ಎಂದೊಬ್ಬ ಬಂಧುವಿನ ಹೆಸರು ಬರುತ್ತದೆ. ಅಶುವಿನ ಮಾತೊಂದೂ ಬರುವುದಿಲ್ಲ.

ಬೊಮ್ಮನ ಪಾಲಿಗೆ ಇತಿಹಾಸ ಸ್ವಲ್ಪ ಉದಾರವಾಯಿತು. ಅವನೂ ಬೆನ್ ಯಿಜುವಿನ ದಾಸ. ಆದರೆ ದಾಸನೆಂದರೆ ಕಟ್ಟಿಗೆ ಒಡೆಯುವವನಲ್ಲ, ಏಡನ್ನಿಗೆ ಸರಕು ಒಯ್ದು ಹಣ ತರುವ ನಂಬಿಕೆಯ ಪ್ರತಿನಿಧಿ. ತಿಂಗಳಿಗೆ 2 ದಿನಾರ್ ಅವನ ಭತ್ಯೆ. 1135ರ ಸುಮಾರಿಗೆ ಏಡನ್ನಿಗೆ ಹೋದಾಗ ಅವನು ಕುಡಿದು, ಹೆಚ್ಚಿನ ಹಣಕ್ಕಾಗಿ ಮದ್ಮೂನನನ್ನು ಪೀಡಿಸಿದನೆಂಬ ದೂರು ಒಡೆಯನಿಗೆ ಬಂದಿತು. ಬೆನ್ ಯಿಜು ಅವನನ್ನು ಕೈಬಿಡಲಿಲ್ಲ. 1148ರಲ್ಲಿ ಖಲಫ್ ಬಿನ್ ಇಸ್ಹಾಕ್ ಎಂಬ ಏಡನ್ ವರ್ತಕ ಬರೆದ ಪತ್ರದಲ್ಲಿ ಒಡೆಯನ ಜೊತೆಗೆ ಈ ದಾಸನಿಗೂ ಶುಭಾಶಯವಿದೆ.

ಆ ಪತ್ರಗಳಲ್ಲಿ ಅವನ ಹೆಸರನ್ನು ಬ, ಮ ಎಂಬ ವ್ಯಂಜನಗಳಿಂದ ಬರೆದಿದೆ. ಹೀಬ್ರೂ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಬರೆಯುವ ವಾಡಿಕೆಯಿಲ್ಲ. ಲೇಖಕ ಅಮಿತಾವ್ ಘೋಷ್ ಈ ದಾಸನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಅದನ್ನು ‘ಬೊಮ್ಮ’ ಎಂದು ಓದಬಹುದೆಂದು ಸೂಚಿಸಿದವರು ಮಂಗಳೂರು ವಿಶ್ವವಿದ್ಯಾಲಯದ ಬಿ. ಎ. ವಿವೇಕ ರೈಯವರು. ಘೋಷರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ 1992ರಲ್ಲಿ ಪ್ರಕಟವಾಯಿತು. ಬ್ರಹ್ಮ ಎಂಬುದರ ತದ್ಭವ ಬೊಮ್ಮ. ಆ ಶತಮಾನದ ಕನ್ನಡನಾಡಿನಲ್ಲಿ ಕಿನ್ನರಿ ಬೊಮ್ಮಯ್ಯನೂ ಇದ್ದ, ಶಾಸನಗಳಲ್ಲಿ ಬೊಮ್ಮರಸರೂ ಬೊಮ್ಮಿಸೆಟ್ಟಿಗಳೂ ಇದ್ದಾರೆ. ಕೈರೋ, ಆಕ್ಸ್‌ಫರ್ಡ್, ಜೆರುಸಲೇಮುಗಳ ಪಂಡಿತರಿಗೆ ಒಗಟಾಗಿದ್ದ ಹೆಸರು ತುಳು ಬಲ್ಲವರ ಕಿವಿಗೆ ಮನೆಯ ಹೆಸರಾಗಿ ಕೇಳಿತು. ಮದ್ಮೂನನ ಪತ್ರದಲ್ಲಿ ಮಂಗಳೂರಿನ ವರ್ತಕನಾಗಿ ಬರುವ ‘ಸೂಸ್ ಸೀತೀ’ಯ ಹಿಂದೆಯೂ ಒಬ್ಬ ಶೆಟ್ಟಿ ಇರುವಂತೆ ನಮಗೆ ತೋರುತ್ತದೆ, ಕರಾವಳಿಯವರು ಹೇಳಬೇಕು.

1148ರಲ್ಲಿ ಸಿಸಿಲಿಯ ಅರಸ ಎರಡನೆಯ ರೋಜರ್ ಮಹ್ದಿಯಾವನ್ನು ಗೆದ್ದ. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕೆಟ್ಟು ಸಿಸಿಲಿ ಸೇರಿದರು. ಸುದ್ದಿ ಕೇಳಿದ ಅವನು ಮಕ್ಕಳೊಡನೆ ಏಡನ್ನಿಗೆ ಮರಳಿ, 1149ರ ಸೆಪ್ಟೆಂಬರಿನಲ್ಲಿ ತಮ್ಮಂದಿರಿಗೆ ಪತ್ರ ಬರೆದ: ತನ್ನಲ್ಲಿ ಎಲ್ಲರಿಗೂ ಸಾಕಾಗುವಷ್ಟು ಸಂಪತ್ತಿದೆ, ಬನ್ನಿ, ಮಗಳನ್ನು ನಮ್ಮ ಮನೆತನಕ್ಕೇ ಕೊಡುವೆ. ಹದಿನೇಳು ವರ್ಷ ಪರದೇಶದಲ್ಲಿದ್ದವನಿಗೆ ಕೊನೆಗೆ ಬೇಕಾದದ್ದು ಇದು. ಮಗ ಸುರೂರ್ ಯೆಮನ್ನಿನ ನೆಲದಲ್ಲಿ ತೀರಿಕೊಂಡ. ಮಗಳು ಸಿತ್ತ್ ಅಲ್‌ದಾರ್ 1156ರಲ್ಲಿ ಫುಸ್ತಾತಿನಲ್ಲಿ ದೊಡ್ಡಪ್ಪ-ಚಿಕ್ಕಪ್ಪಂದಿರ ಮಗನಾದ ಪೆರಹ್ಯಾನನ್ನು ಮದುವೆಯಾದಳು. ತುಳುನಾಡಿನಲ್ಲಿ ಹುಟ್ಟಿದ ಹುಡುಗಿ, ಈಜಿಪ್ಟಿನಲ್ಲಿ ಮದುವೆ, ಸಿಸಿಲಿಯಿಂದ ಬಂದ ವರ. ಬೆನ್ ಯಿಜು ಮಂಗಳೂರಿನಿಂದ ಹೊತ್ತು ತಂದ ಹಾಳೆಗಳು ಹೀಗೆ ಫುಸ್ತಾತಿಗೆ ಬಂದು, ಬೆನ್ ಎಜ್ರಾ ಮಂದಿರದ ಕೋಣೆಯಲ್ಲಿ ಬಿದ್ದವು.

ಎಂಟು ಶತಮಾನಗಳ ಅನಂತರ ಅವುಗಳನ್ನು ಒಂದುಗೂಡಿಸಲು ಹೊರಟವರು ಎಸ್. ಡಿ. ಗೊಯ್ಟೀನ್. 1900ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1923ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿ, 1957ರಲ್ಲಿ ಫಿಲಡೆಲ್ಫಿಯಕ್ಕೆ ಬಂದು, ಕೊನೆಗೆ ಪ್ರಿನ್ಸ್‌ಟನ್ನಿನಲ್ಲಿ ನೆಲೆಸಿದವರು. ತಾವು ಓದುತ್ತಿದ್ದ ವರ್ತಕರಂತೆಯೇ ಊರೂರು ತಿರುಗಿದವರು. ಒಂದು ಪತ್ರದ ತಲೆ ಕೇಂಬ್ರಿಜ್‌ನಲ್ಲಿ, ಬಾಲ ನ್ಯೂಯಾರ್ಕಿನಲ್ಲಿ ಎಂಬಂತಿದ್ದ ಚೂರುಗಳನ್ನು ಕೈಬರಹ ನೋಡಿ ಹೊಂದಿಸಿ, ಸಾವಿರಾರು ಕಾರ್ಡುಗಳಲ್ಲಿ ಟಿಪ್ಪಣಿ ಮಾಡಿಟ್ಟರು. ಭಾರತ ವ್ಯಾಪಾರದ ಪತ್ರಗಳ ಸಂಪುಟಕ್ಕೆ ‘ಇಂಡಿಯಾ ಬುಕ್’ ಎಂದು ಅವರೇ ಕರೆದಿದ್ದರು. 1985ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡಾಗ ಅದು ಅಪೂರ್ಣವಾಗಿತ್ತು. ಶಿಷ್ಯ ಮೊರ್ದೆಖಾಯ್ ಅಕಿವಾ ಫ್ರೀಡ್‌ಮನ್ ಮುಂದುವರಿಸಿದರು, ಇಂಗ್ಲಿಷ್ ಸಂಪುಟ 2008ರಲ್ಲಿ ಹೊರಬಂದಿತು. ಗೊಯ್ಟೀನರ ಟಿಪ್ಪಣಿಗಳನ್ನು ಆಧರಿಸಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಪ್ರಯೋಗಾಲಯ ಈಗ ಪತ್ರಗಳನ್ನು ಅಂತರಜಾಲದಲ್ಲಿ ಎಲ್ಲರ ಮುಂದಿಡುತ್ತಿದೆ. ‘ಮಂಗಳೂರು’ ಎಂದು ಹುಡುಕಿ ನೋಡುವ ಕೆಲಸವನ್ನು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಒಪ್ಪಿಸಬಹುದು.

ಬೊಮ್ಮನ ಹೆಸರು ಕೊನೆಯದಾಗಿ ಕಾಣುವ ಚೂರು ಫುಸ್ತಾತಿನಲ್ಲಿ ಬೆನ್ ಯಿಜು ಬರೆದ ಲೆಕ್ಕದ ಹಾಳೆ. ಎಂದರೆ ಮಂಗಳೂರಿನವನು ಒಡೆಯನೊಡನೆ ಈಜಿಪ್ಟಿನವರೆಗೂ ಹೋಗಿದ್ದ. ಘೋಷರು ಆ ಹಾಳೆಯನ್ನು ನೋಡಿದ್ದು ಕೈರೋದಲ್ಲಲ್ಲ, ಜೆರುಸಲೇಮಿನಲ್ಲಲ್ಲ. ಫಿಲಡೆಲ್ಫಿಯದಲ್ಲಿ, ವಾಲ್ನಟ್ ಬೀದಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಆ ಸಂಸ್ಥೆ ಮುಂದೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ನ್ಯೂಜೆರ್ಸಿಯ ನಮ್ಮ ಮನೆಗಳಿಂದ ಅದು ಒಂದೂವರೆ ಗಂಟೆಯ ದಾರಿ, ಸ್ವಾತಂತ್ರ್ಯದ ಗಂಟೆ ನೋಡಲು ನೆಂಟರನ್ನು ಕರೆದೊಯ್ಯುವ ಜಾಗದಿಂದ ಕೆಲವೇ ಹೆಜ್ಜೆ.